ಬಿದ್ದದ್ದೆಲ್ಲ ನಮ್ಮದು

ನಮ್ಮ ಮನೆ ಮುಂದಿನ ಗುಲ್‌ಮೊಹರ್ ಮರದ ಯಜಮಾನಿಕೆ ಪಾಲಿಕೆಯದು. ಬೇರು ಫುಟ್‌ಪಾತಿನ ಕೆಳಗೆ, ಕಾಂಡ ರಸ್ತೆಯಂಚಿನಲ್ಲಿ. ಒಂದು ಭರ್ಜರಿ ಕೊಂಬೆ ಮಾತ್ರ ಕಾಂಪೌಂಡು ದಾಟಿ ನಮ್ಮ ತಾರಸಿಯ ಮೇಲೆ ಚಾಚಿಕೊಂಡಿದೆ. ನಿಂತಿರುವಷ್ಟು ಹೊತ್ತು ಮರ ಅವರದು. ಉದುರಿದ್ದು, ಮುರಿದದ್ದು, ಬಿದ್ದದ್ದು ನಮ್ಮದು. ಈ ಪಾಲುಪಟ್ಟಿಗೆ ಯಾರು ಸಹಿ ಹಾಕಿದರೋ ಗೊತ್ತಿಲ್ಲ.

ಗುಲ್‌ಮೊಹರಿನ ತವರು ಮಡಗಾಸ್ಕರ್. ಸಮುದ್ರ ದಾಟಿ ಬಂದದ್ದು ನಮ್ಮ ತಾರಸಿಯ ನೀರಿನ ಪೈಪು ಕಟ್ಟಿಸುವುದಕ್ಕೇ ಇರಬೇಕು. ಚಳಿ ಕಳೆಯುತ್ತಿದ್ದಂತೆ ಎಲೆ ಉದುರಲು ಶುರು. ಪೊರಕೆಗೆ ಸಿಗದಷ್ಟು ಸಣ್ಣದು, ಪೈಪಿನಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡದು. ಮೇ ತಿಂಗಳಲ್ಲಿ ಹೂ ಬಿಟ್ಟಾಗ ದಾರಿಹೋಕರೆಲ್ಲ ನಿಂತು ಫೋಟೊ ತೆಗೆಯುತ್ತಾರೆ. ಒಣಗಿದ ಕತ್ತಿಕಾಯಿ ಹಪ್ಪಳದ ಮೇಲೆ ಧೊಪ್ಪೆಂದು ಬಿದ್ದಾಗ ನನ್ನ ಹೆಂಡತಿ ಆಡುವ ಮಾತನ್ನು ಯಾರೂ ರೆಕಾರ್ಡು ಮಾಡಿಕೊಳ್ಳುವುದಿಲ್ಲ. ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ವರ್ಷವಿಡೀ ಬೆಂಗಳೂರಿನ ಒಂದಲ್ಲ ಒಂದು ಬೀದಿ ಹೂ ಬಿಡುವಂತೆ ಮರಗಳ ಲೆಕ್ಕ ಹಾಕಿದರಂತೆ. ಸೊಗಸಾದ ಯೋಚನೆ. ಗುಡಿಸುವವರ ಲೆಕ್ಕವನ್ನೂ ಆಗಲೇ ಹಾಕಿದ್ದರೆ ಇನ್ನೂ ಸೊಗಸಾಗಿರುತ್ತಿತ್ತು.

“ನಮ್ಮ ಜಾಗದೊಳಗೆ ಬಂದ ಕೊಂಬೆ ನಾವೇ ಕಡೀಬಹುದು ಕಣ್ರೀ” ಎಂದರು ಪಕ್ಕದ ಮನೆ ರಾಯರು. ಅವರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಲೆಮನ್–ವೆಬ್ ಮೊಕದ್ದಮೆಯಲ್ಲಿ 1894ರಲ್ಲೇ ಹಾಗೆ ತೀರ್ಪಾಗಿರುವುದು ನಿಜ. ಆದರೆ ಕಡಿದ ಕೊಂಬೆ ಮರದ ಯಜಮಾನನ ಸೊತ್ತು ಎಂಬುದೂ ಅಲ್ಲಿನ ಕಾನೂನೇ. ನಮ್ಮಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಕೊಡಲಿ ಎತ್ತುವಂತಿಲ್ಲ. ಆ ಕಾಯ್ದೆಯಲ್ಲಿ ತೆಂಗಿಗೆ ವಿನಾಯಿತಿ ಉಂಟು. “ಹಾಗಾದರೆ ನನ್ನ ಕಾರಿನ ಮೇಲೆ ಬಾಗಿರೋ ನಿಮ್ಮ ತೆಂಗನ್ನು ತೆಗೆಸಿಬಿಡಿ ರಾಯರೇ” ಎಂದೆ. “ಅದು ನಮ್ಮಪ್ಪ ನೆಟ್ಟಿದ್ದು” ಎಂದು ಒಳಗೆ ಹೋದರು. ಇಂಗ್ಲೆಂಡಿನ ಸುದ್ದಿ ಆಮೇಲೆ ಬರಲಿಲ್ಲ.

ಸರಿ, ಅರ್ಜಿ ಕೊಟ್ಟೆ. ಬಂದವರು ಕತ್ತೆತ್ತಿ ನೋಡಿ, “ಕೊಂಬೆ ಲೈನಿಗೆ ತಾಗ್ತಿದೆ ಸಾರ್, ಕರೆಂಟಿನವರು ಪವರ್ ತೆಗೆದರೆ ನಾವು ಕಡೀತೀವಿ” ಎಂದರು. ಕರೆಂಟಿನವರು, “ಮರ ಪಾಲಿಕೆಯದು, ಅವರು ಬರ್ಲಿ, ತೆಗೀತೀವಿ” ಎಂದರು. ಇಬ್ಬರೂ ಸಜ್ಜನರು. ಒಂದೇ ದಿನ ಬರಬೇಕೆಂಬುದೊಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಮುಂಗಾರಿಗೆ ಮೊದಲು ಲೈನ್‌ಮನ್‌ಗಳು ಏಣಿ ತಂದರು. ತಂತಿಯ ಕಡೆಯ ಕೊಂಬೆಗಳನ್ನೆಲ್ಲ ಬೋಳಿಸಿ, ನಮ್ಮ ಕಡೆಯದನ್ನು ಹಾಗೇ ಬಿಟ್ಟು ಇಳಿದರು. “ಇದೂ?” ಎಂದೆ. “ಅದಕ್ಕೆ ತಂತಿ ಇಲ್ಲವಲ್ಲ ಸಾರ್.” ಮರದ ಭಾರವೆಲ್ಲ ಈಗ ತಕ್ಕಡಿಯ ಒಂದೇ ತಟ್ಟೆಗೆ ಬಿದ್ದಂತೆ ನಮ್ಮ ಕಡೆಗೆ. ಗುಲ್‌ಮೊಹರಿನ ಬೇರು ಆಳಕ್ಕಿಳಿಯುವ ಜಾತಿಯದಲ್ಲ, ಕೊಂಬೆಯೂ ಗಟ್ಟಿಯಲ್ಲ. ಜೊತೆಗೆ ಫುಟ್‌ಪಾತ್ ರಿಪೇರಿಯ ನೆಪದಲ್ಲಿ ಕಾಂಡದ ಕತ್ತು ಹಿಸುಕುವಂತೆ ಕಾಂಕ್ರೀಟು ಹಾಕಿದ್ದಾರೆ. ಮೊದಲ ಮಳೆಗೆ ಮರ ಉರುಳಿದರೆ ಪೇಪರಿನವರು ಗಾಳಿಯ ಮೇಲೆ ತಪ್ಪು ಹೊರಿಸುತ್ತಾರೆ. ಪಾಪ, ಗಾಳಿ ಕೊನೆಗೆ ಬಂದ ಗಿರಾಕಿ.

ಕಡಿದ ಕೊಂಬೆಗಳು ಗೇಟಿಗೆ ಅಡ್ಡ ಬಿದ್ದಿದ್ದವು. ಸಾಗಿಸುವುದು ಬೇರೆಯವರ ಕೆಲಸವಂತೆ. ಇಂಗ್ಲೆಂಡಿನ ನ್ಯಾಯದಂತೆ ಯಜಮಾನರಿಗೇ ಒಪ್ಪಿಸೋಣವೆಂದು ಪಾಲಿಕೆಗೆ ಫೋನು ಮಾಡಿದೆ. ಹೊಸ ದೂರಿನ ನಂಬರು ಕೊಟ್ಟರು.

ಓದುಗರಲ್ಲಿ ನನ್ನದೊಂದು ಬಿನ್ನಹ. ನೀವೂ ಇಂಥ ಅರ್ಜಿ ಬರೆಯುವುದಾದರೆ “ಕೊಂಬೆ ಕಡಿಸಿಕೊಡಿ” ಎಂದಷ್ಟೇ ಬರೆಯಬೇಡಿ. ಎರಡೂ ಕಡೆ ಸಮನಾಗಿ, ಮಳೆಗೆ ಮುಂಚೆ, ಕಡಿದದ್ದನ್ನು ಹೊತ್ತೊಯ್ಯುವುದೂ ಸೇರಿ ಎಂದು ಬಿಡಿಸಿ ಬರೆಯಿರಿ. ಬುಡದ ಸುತ್ತ ಒಂದಿಷ್ಟು ಮಣ್ಣು ಬಿಡಿ ಎಂದೂ ಸೇರಿಸಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.