ಹೊಂಡದ ಮೀನುಮರಿಗೆ ಎಣ್ಣೆ ಹಾಕುವ ವಿಧಾನ

ಬೇಕಾಗುವ ಸಾಮಾನು: ಕೃಷಿಭಾಗ್ಯದಲ್ಲಿ ತೋಡಿಸಿದ ಹೊಂಡ, ಅದರಲ್ಲಿ ಬೆರಳುದ್ದದ ಕಾಟ್ಲಾ, ರೋಹು ಮರಿಗಳು, ಬ್ಯಾಡಗಿ ಸೀಮೆಯ ಮೆಣಸಿನ ಗಿಡಕ್ಕೆ ಹೊಡೆದು ಉಳಿದ ಕೀಟನಾಶಕ ‘ಎಣ್ಣೆ’, ಅಂದರೆ ಸೈಪರ್‌ಮೆಥ್ರಿನ್.

ಒಂದು ಮರಿಯನ್ನು ಬಲೆಯಲ್ಲಿ ಎತ್ತಿ ನೋಡಿ. ಈಜುರೆಕ್ಕೆಯ ಬುಡದಲ್ಲಿ ಚಪ್ಪಟೆ ಚುಕ್ಕೆಯೊಂದು ಕಂಡು, ಉಗುರು ತಾಗಿಸಿದರೆ ಅದು ಸರಿದಾಡಿದರೆ ಅದೇ ಮೀನುಹೇನು, ಆರ್ಗ್ಯುಲಸ್. ಹೆಸರಿಗೆ ಹೇನು, ಕುಲದಲ್ಲಿ ಸಿಗಡಿ-ಏಡಿಗಳ ನೆಂಟ. ಮರಿಯನ್ನು ಹಾವೇರಿಯ ಮೀನುಗಾರಿಕೆ ಕಚೇರಿಗೆ ಒಯ್ದು ತೋರಿಸುವುದು ಈ ವಿಧಾನದಲ್ಲಿ ನಿಷಿದ್ಧ.

ಹೊಂಡದ ಅಳತೆಗೆ ಟೇಪು ಬೇಡ, ಮಂಜೂರಾತಿ ಕಾಗದ ಸಾಕು: 21×21×3 ಮೀಟರ್, ಅಂದರೆ 1,323 ಘನ ಮೀಟರ್. ದಂಡೆ ಇಳಿಜಾರಾಗಿ ತಳ 15 ಮೀಟರಿಗೆ ಇಳಿದಿದೆ, ಬೇಸಗೆಯಲ್ಲಿ ನೀರು ಒಂದೇ ಮೀಟರ್ ನಿಂತಿದೆ ಎಂಬುದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ. ಹಿಡಿದರೆ ಇರುವ ನೀರು ಸುಮಾರು 256 ಘನ ಮೀಟರ್ ಎಂದು ಗೊತ್ತಾಗಿ, ಐದು ಪಟ್ಟು ಸುರಿಯುವ ಅವಕಾಶ ತಪ್ಪುತ್ತದೆ.

ಸೈಪರ್‌ಮೆಥ್ರಿನ್ ತೀರಿದ್ದರೆ ಗೋವಿನಜೋಳದ ಸೈನಿಕ ಹುಳುವಿಗೆಂದು ತಂದ ಎಮಾಮೆಕ್ಟಿನ್ ಬೆಂಜೊಯೇಟ್ ಇದ್ದೇ ಇದೆ. ನಾರ್ವೆಯಲ್ಲಿ ಸಾಲ್ಮನ್ ಮೀನಿಗೆ ಇದನ್ನೇ ಕೊಡುತ್ತಾರೆಂದು ರಾಣೆಬೆನ್ನೂರಿನ ಗೊಬ್ಬರದಂಗಡಿ ಕಟ್ಟೆಯ ಮೇಲೆ ಯಾರಾದರೂ ಹೇಳಿಯಾರು. ಸುಳ್ಳಲ್ಲ. ಅಲ್ಲಿ ಮೀನಿನ ತೂಕಕ್ಕೆ ಅಳೆದು, ಮೇವಿನಲ್ಲಿ ಬೆರೆಸಿ, ಪಶುವೈದ್ಯರ ಚೀಟಿಯ ಮೇಲೆ ಕೊಡುತ್ತಾರೆ. ನಮಗೆ ಅಷ್ಟು ಪುರುಸೊತ್ತು ಎಲ್ಲಿ?

ಹಾಕಿದ ಮೇಲೆ ದಂಡೆಯ ಮೇಲೆ ಕೂತು ನೋಡಿ. ಮರಿಗಳು ಮೊದಲು ಚುರುಕಾಗುತ್ತವೆ. ಗುಣವಾಯಿತೆಂದು ಮನೆಗೆ ಫೋನ್ ಮಾಡಲು ಇದೇ ತಕ್ಕ ಸಮಯ. ಆಮೇಲೆ ಗಿರಕಿ ಹೊಡೆಯುತ್ತವೆ, ಮೇಲೆ ಬಂದು ಬಾಯಿ ಬಿಡುತ್ತವೆ, ಮಗ್ಗುಲಾಗುತ್ತವೆ. ಸೈಪರ್‌ಮೆಥ್ರಿನ್ ಕೂರುವುದು ನರದ ಮೇಲೆ. ಅದನ್ನು ನಮ್ಮ ಮೈ ಬೇಗ ಕರಗಿಸಿ ಹೊರಹಾಕುತ್ತದೆ, ಮೀನಿಗೆ ಅದು ಸಾಗದು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು ಜೀವ ತೆಗೆಯಲು. ಉಳಿದವುಗಳ ಕಿವಿರು ಕೆಟ್ಟು ಉಸಿರಾಟವೇ ಭಾರ. ಮೇಲಾಗಿ ಡಾಫ್ನಿಯಾದಂಥ ನೀರಿನ ಸಣ್ಣ ಜೀವಿಗಳೂ ಹೇನಿನ ಕುಲದವೇ. ಹೇನಿನ ಜತೆ ಮರಿಗಳ ಊಟವೂ ಸಾಯುತ್ತದೆ.

ಖಾತರಿ: ಹೇನಿನ ಮೊಟ್ಟೆಗಳು ಇದಕ್ಕೆಲ್ಲ ಸುಲಭವಾಗಿ ಜಗ್ಗುವುದಿಲ್ಲ. ಕಲ್ಲಿಗೋ ಕಡ್ಡಿಗೋ ಅಂಟಿಕೊಂಡಿದ್ದು ಕೆಲವು ವಾರಗಳಲ್ಲಿ ಒಡೆದು ಹೊಸ ಹೇನು ಬರುತ್ತವೆ. ಹೊಂಡದಲ್ಲಿ ಬಿದಿರ ಗಳ ನೆಟ್ಟು, ಮೊಟ್ಟೆ ಅಂಟಿದ ಮೇಲೆ ಕಿತ್ತು ಬಿಸಿಲಿಗೆ ಒಣಗಿಸುವವರಿದ್ದಾರೆ. ಹೊಸ ಮರಿ ಬಿಡುವ ಮುಂಚೆ 10 ಲೀಟರ್ ನೀರಿಗೆ 200–300 ಗ್ರಾಂ ಉಪ್ಪು ಕದಡಿ, ಒಂದೆರಡು ನಿಮಿಷ ಅದ್ದಿ, ಮರಿ ಮಗ್ಗುಲಾಗುವ ಮೊದಲೇ ಎತ್ತುವವರೂ ಇದ್ದಾರೆ. ಅಂಥವರು ಬೇರೆ ಕೈಪಿಡಿ ನೋಡಿಕೊಳ್ಳಬೇಕು.