ಮರಳಿ ಜೀನು ಏರುವವರಿಗೆ ಬಳಕೆಯ ಕೈಪಿಡಿ (ನಲವತ್ತು ದಾಟಿದ ಮಾದರಿಗಳಿಗೆ ಮಾತ್ರ)

ಕೊಳ್ಳುವ ಮುನ್ನ ಓದಿ. ಕೊಂಡ ಮೇಲೆ ಓದಿ ಪ್ರಯೋಜನವಿಲ್ಲ. ಬಿಲ್ ತೋರಿಸಿದರೆ ಕುದುರೆ ವಾಪಸ್ ತೆಗೆದುಕೊಳ್ಳುವ ಅಂಗಡಿ ಇನ್ನೂ ತೆರೆದಿಲ್ಲ.

ಯಾರಿಗೆ: ವಾಸ ಸಿ.ವಿ. ರಾಮನ್ ನಗರ ಅಥವಾ ಕಗ್ಗದಾಸಪುರ. ಕೆಲಸ ಬಾಗ್ಮನೆ ಟೆಕ್ ಪಾರ್ಕಿನಲ್ಲೋ ಡಿಆರ್‌ಡಿಒದಲ್ಲೋ. ಕಾಲೇಜು ದಿನಗಳಲ್ಲಿ ಹೆಬ್ಬಾಳದ ಎನ್‌ಸಿಸಿ ಅಶ್ವದಳದಲ್ಲಿ ಸವಾರಿ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಎರಡು ಬೆಳ್ಳಿ ಗೆದ್ದಾಗ ಸೋಫಾದ ಮೇಲೆ ಕೂತೇ ಹಿಮ್ಮಡಿ ಒತ್ತಿದವರು. ಫವಾದ್‌ಗೆ ಆಗ 26 ವರ್ಷ. ನಿಮ್ಮ ವಯಸ್ಸನ್ನು ಇಲ್ಲಿ ಬರೆದುಕೊಳ್ಳಿ: ____.

ಹಂತ 1. ಖರ್ಚು ಎಲ್ಲಿದೆ ಎಂದು ಹುಡುಕಿ. ಸ್ಪರ್ಧೆಯ ಪ್ರವೇಶ ಶುಲ್ಕದಲ್ಲಿ ಹುಡುಕಬೇಡಿ, ಅದು ಬಾಲ. ಉಳಿದ ಕುದುರೆ ಲಾಯದಲ್ಲಿದೆ. ಸುಮಾರು 500 ಕಿಲೋ ತೂಗುವ ಪ್ರಾಣಿ ದಿನಕ್ಕೆ 10 ಕಿಲೋದಷ್ಟು ಮೇವು, ಹುರುಳಿ ತಿನ್ನುತ್ತದೆ. 30 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕೂತು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು. ಕುದುರೆ ನೋಡಿಕೊಳ್ಳುವ ಸೈಸ್‌ಗೆ ಸಂಬಳ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಅದರ ಹೊಟ್ಟೆನೋವು ಎಂದರೆ ನಡುರಾತ್ರಿ ಡಾಕ್ಟರಿಗೆ ಫೋನು. ನಿಲ್ಲಿಸಿಟ್ಟ ಕಾರು ಪೆಟ್ರೋಲ್ ಕುಡಿಯುವುದಿಲ್ಲ. ನೀವು ಆಫೀಸಿನಲ್ಲಿದ್ದಾಗಲೂ ಇದು ತಿನ್ನುತ್ತಲೇ ಇರುತ್ತದೆ.

ಎಚ್ಚರಿಕೆ: ‘ರೇಸ್‌ನಿಂದ ರಿಟೈರ್ ಆದ ಕುದುರೆ ಅಗ್ಗಕ್ಕೆ ಸಿಗುತ್ತೆ ಗುರೂ’ ಎನ್ನುವ ಗೆಳೆಯ ಎಲ್ಲರಿಗೂ ಒಬ್ಬನಿರುತ್ತಾನೆ. ಆ ಕುದುರೆ ಬಲ್ಲ ವಿದ್ಯೆ ಮುಂದಕ್ಕೆ ಓಡುವುದು. ನೀವು ಬಲ್ಲದ್ದು ಮರೆತಿದೆ. ಇಬ್ಬರೂ ವಿದ್ಯಾರ್ಥಿಗಳಾದರೆ ಪಾಠ ಮಾಡುವವರು ಯಾರು?

ಹಂತ 2. ಭಾನುವಾರ ಬೆಳಿಗ್ಗೆ ಐದಕ್ಕೆ ಟಿನ್ ಫ್ಯಾಕ್ಟರಿ ದಾಟಿರಿ. ಏರ್‌ಪೋರ್ಟ್ ರಸ್ತೆಯ ಕಡೆಯ ಸವಾರಿ ಶಾಲೆ ತಲುಪಲು ಹೆಬ್ಬಾಳ ಫ್ಲೈಓವರ್ ದಾಟಬೇಕು. ತಡವಾಗಿ ಹೊರಟರೆ ಕುದುರೆಗಿಂತ ಮೊದಲು ನೀವು ಬೆವರಿರುತ್ತೀರಿ.

ಹಂತ 3. ವಿಭಾಗ ಆರಿಸಿ. ಶೋ ಜಂಪಿಂಗ್‌ನಲ್ಲಿ ಕಂಬ ಬಿದ್ದರೆ 4 ಪೆನಾಲ್ಟಿ, ನೀವು ಬಿದ್ದರೆ ಆಟ ಮುಗಿಯಿತು, ಮೂಳೆಯ ಲೆಕ್ಕ ಬೇರೆ. ಆರಂಭಿಕ ಮಟ್ಟದ ಡ್ರೆಸಾಜ್‌ನಲ್ಲಿ 20×40 ಮೀಟರ್ ಅಂಗಳ, ಯಾವ ಚಲನೆ ಎಲ್ಲಿ ಎಂದು ಗುರುತಿಸಲು ಸುತ್ತ ಅಕ್ಷರಗಳು. ಒಂದೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ, ಪಕ್ಕದಲ್ಲಿ ತೀರ್ಪುಗಾರರ ಟಿಪ್ಪಣಿ. ನನ್ನನ್ನು ಕೇಳಿದರೆ ದುಡ್ಡು ಕೊಡಬೇಕಾದ್ದು ಈ ಅಂಕಗಳ ಹಾಳೆಗೆ. ನಿಮ್ಮಿಂದ ಫೀಸು ಪಡೆಯುವ ಕೋಚ್ ‘ಪರವಾಗಿಲ್ಲ ಸರ್’ ಎಂದದ್ದನ್ನು, ನಿಮ್ಮ ಪರಿಚಯವೇ ಇಲ್ಲದವರು ‘ಕೈ ಬಿಗಿ, 4’ ಎಂದು ಬರೆದಿರುತ್ತಾರೆ.

ಹಂತ 4. ಏನನ್ನೂ ಕೊಳ್ಳದೆ, ಶಾಲೆಯ ಮುದಿ ಕುದುರೆಯ ಮೇಲೆ, ಶಾಲೆಯದೇ ಶೋನಲ್ಲಿ ಒಮ್ಮೆ ಸ್ಪರ್ಧಿಸಿ. ಹಾಳೆ ಓದಿ. ಓದಿದ ಮೇಲೂ ಮುಂದಿನ ವಾರ ಅದೇ ತಪ್ಪು ತಿದ್ದಲು ಕಾಲು ತುರಿಸುತ್ತಿದ್ದರೆ ಖರ್ಚು ಸಾರ್ಥಕ. ಬರೀ ಫೋಟೊ ಬೇಕೆನಿಸಿದರೆ ಮೈಸೂರು ದಸರಾಕ್ಕೆ ಹೋಗಿ ಅಶ್ವಾರೋಹಿ ಪೊಲೀಸರನ್ನು ನೋಡಿ ಬನ್ನಿ, ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.

ತೊಂದರೆ ಬಂದಲ್ಲಿ:

ಶೋಗೆ ಕಾಯುವ ಸಾಲಿನಲ್ಲಿ ನಿಮ್ಮ ಹಿಂದೆ ಮುಂದೆ ಹನ್ನೆರಡು ವರ್ಷದ ಮಕ್ಕಳಿರಬಹುದು. ‘ನಿಮ್ಮ ಮಗು ಯಾವುದು ಸರ್?’ ಎಂದು ತಾಯಂದಿರು ಕೇಳಿದರೆ ಹೆಲ್ಮೆಟ್ ಹಾಕಿಕೊಂಡು ಉತ್ತರಿಸಿ. ವಯಸ್ಸಾಯಿತು ಎನಿಸಿದರೆ ನೆನಪಿಡಿ: ಜಪಾನಿನ ಹಿರೋಶಿ ಹೊಕೆತ್ಸು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಂಪಿಂಗ್ ಮಾಡಿ, ಮತ್ತೆ ಒಲಿಂಪಿಕ್ ಅಂಗಳಕ್ಕೆ ಬಂದದ್ದು 2008ರಲ್ಲಿ, ಡ್ರೆಸಾಜ್‌ಗೆ. 2012ರ ಲಂಡನ್‌ನಲ್ಲಿ ಅವರಿಗೆ 71. ಈ ಉದಾಹರಣೆಯನ್ನು ಮನೆಯಲ್ಲಿ ಬಳಸಬೇಡಿ. ‘ಅಂದರೆ ಇನ್ನೂ ಮೂವತ್ತು ವರ್ಷ ಇದೇ ಖರ್ಚಾ?’ ಎಂಬ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

‘ಅಂಕ ಎಷ್ಟು ಬಂತು?’ ಎಂದು ಯಾರಾದರೂ ಕೇಳಿದರೆ ‘ಐವತ್ತೆಂಟು’ ಎನ್ನಿ. ಶೇಕಡಾ ಎಂಬುದನ್ನು ಕೇಳಿದರೆ ಮಾತ್ರ ಸೇರಿಸಿ.