ಮಸ್ಕಿ ಬಂಡೆಯ ಮೇಲೆ ಇಲ್ಲದ ಸಾಲು: ಒಂದು ಪಿತೃ-ಪಿತಾಮಹ ಮೀಮಾಂಸೆ

1915ರಲ್ಲಿ ಸಿ. ಬೀಡನ್ ಎಂಬ ಬಂಗಾರದ ಗಣಿಯ ಎಂಜಿನಿಯರಿಗೆ ಮಸ್ಕಿಯ ಗುಡ್ಡದಲ್ಲಿ ಅಕ್ಷರ ಕೊರೆದ ಬಂಡೆಯೊಂದು ಕಂಡಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಸಂಸ್ಥಾನದ ಪುರಾತತ್ವ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಹೊರತಂದರು. ದೇಶದ ತುಂಬ ಕಲ್ಲುಗಳ ಮೇಲೆ ‘ದೇವಾನಾಂಪ್ರಿಯ’ ಎಂದಷ್ಟೇ ಬರೆಸಿ ಜಾರಿಕೊಂಡಿದ್ದ ದೊರೆ ಇಲ್ಲಿ ಮೊದಲ ಸಲ ‘ಅಶೋಕ’ ಎಂಬ ಹೆಸರು ಸಮೇತ ಸಿಕ್ಕಿಬಿದ್ದ. ಮಸ್ಕಿಯ ವಿಚಾರದಲ್ಲಿ ಇತಿಹಾಸದ ಪುಸ್ತಕಗಳು ಇಷ್ಟಕ್ಕೇ ಕೃತಾರ್ಥವಾಗಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ.

ಪ್ರಸ್ತುತ ಪ್ರಬಂಧದ ಕಾಳಜಿ ಬೇರೆ. ಬಂಡೆಯ ಮೇಲೆ ಏನಿದೆ ಎಂಬುದನ್ನು ಯಾರು ಬೇಕಾದರೂ ಓದಿಯಾರು; ಏನಿಲ್ಲ ಎಂಬುದನ್ನು ಓದುವುದೇ ಪಾಂಡಿತ್ಯ.

ಅಶೋಕನ ಲಘು ಶಿಲಾಶಾಸನಗಳು ಎರಡು. ತಾನು ಎರಡೂವರೆ ವರ್ಷದಿಂದ ಬುದ್ಧನ ಉಪಾಸಕ, ಧರ್ಮ ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ದಕ್ಕುತ್ತದೆ ಎಂಬುದು ಮೊದಲನೆಯದರ ಸಾರ. ತಾಯಿ-ತಂದೆಯ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂಬುದು ಎರಡನೆಯದು. ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಬ್ರಹ್ಮಗಿರಿಯ ಬಂಡೆಯಲ್ಲಿ ಎರಡೂ ಇವೆ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲೂ ಎರಡೂ ಇವೆ. ಮಸ್ಕಿಯಲ್ಲಿ ಮಾತ್ರ ಮೊದಲನೆಯದಷ್ಟೇ ಇದೆ. ಅಪ್ಪ-ಅವ್ವನ ಸಾಲು ನಾಪತ್ತೆ.

ಹೊಳೆಯಾಚೆಯವರಿಗೆ ಕಲ್ಲಲ್ಲಿ ಕೊರೆದು ಹೇಳಿದ್ದನ್ನು ಮಸ್ಕಿಯವರಿಗೆ ಏಕೆ ಹೇಳಲಿಲ್ಲ? ಬಂಡೆಯಲ್ಲಿ ಜಾಗ ಸಾಲದಾಯಿತು, ಉಳಿ ಮೊಂಡಾಯಿತು ಎಂಬ ನೀರಸ ಕಾರಣಗಳನ್ನು ಈ ಪ್ರಬಂಧ ಪೂರ್ವಪಕ್ಷವೆಂದು ಭಾವಿಸಿ ಖಂಡಿಸುತ್ತದೆ. ಸಿದ್ಧಾಂತ ಇಷ್ಟು: ಲಿಪಿಕಾರ ಎರಡನೇ ಶಾಸನಕ್ಕೆ ಕೈ ಹಚ್ಚಿದಾಗ ಗುಡ್ಡದ ಬುಡದಲ್ಲಿ ಕೂತಿದ್ದ ಯಾವನೋ ಅಜ್ಜ, ‘ತಮ್ಮಾ, ಅದೆಲ್ಲಾ ನಮಗ ಗೊತ್ತೈತಿ, ಬರಿಬ್ಯಾಡ. ಬಿಸಲಾಗ ಯಾಕ ಕುಂತಿ? ಬಾ, ಒಂದು ರೊಟ್ಟಿ ಉಣ್ಣು’ ಎಂದಿರಬೇಕು. ಲಿಪಿಕಾರ ಉಂಡು, ಬೇವಿನ ನೆರಳಲ್ಲಿ ಮಲಗಿರಬೇಕು. ಸಾಕ್ಷ್ಯಾಧಾರಗಳು ಮುಂದಿವೆ. (ನಿಟ್ಟೂರಿನವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು, ಅವರ ಪ್ರತಿವಾದಕ್ಕೆ ಊಟದ ಏರ್ಪಾಡಿನೊಂದಿಗೆ ಸ್ವಾಗತವಿದೆ.)

ಅಧ್ಯಯನದ ವ್ಯಾಪ್ತಿ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಲಾಗಿ ಕೂತ ಲಿಂಗಸೂಗೂರು, ಮಸ್ಕಿ, ಸಿಂಧನೂರು. ಈ ಊರುಗಳ ಸಂಬಂಧವೇ ಕೌಟುಂಬಿಕವಾದದ್ದು. ಲಿಂಗಸೂಗೂರು ನಿಜಾಮರ ಕಾಲದಲ್ಲಿ ದಂಡಿದ್ದ ಊರು, 1905ರವರೆಗೆ ಜಿಲ್ಲಾ ಕೇಂದ್ರ. ಅಧಿಕಾರ ಹೋದರೂ ಗತ್ತು ಬಿಡದ ನಿವೃತ್ತ ಅಪ್ಪನಂತೆ ಅದು ಇಂದಿಗೂ ಸಹಾಯಕ ಆಯುಕ್ತರ ಕಚೇರಿ ಇಟ್ಟುಕೊಂಡು ಕೂತಿದೆ. ಮಸ್ಕಿ ಮೊನ್ನೆ ಮೊನ್ನೆಯ ತನಕ ಅದರ ಪಾಲಿನಲ್ಲಿದ್ದು, ಈಗ ಬ್ಯಾರೆಯಾಗಿ ಸ್ವಂತ ತಾಲ್ಲೂಕಿನ ಒಲೆ ಹೂಡಿಕೊಂಡಿದೆ. ತೊಡಕೆಂದರೆ, ಬಿ.ಕೆ. ಥಾಪರ್ 1954ರಲ್ಲಿ ಅಗೆದಾಗ ಮಸ್ಕಿಯಲ್ಲಿ ಅಶೋಕನಿಗೂ ಹಿಂದಿನ, ನವಶಿಲಾಯುಗದ ಕಾಲದ ವಸತಿ ಸಿಕ್ಕಿತು. ಅಪ್ಪನಿಗಿಂತ ಮಗನ ವಯಸ್ಸೇ ಹೆಚ್ಚಾದ ಈ ಪ್ರಕರಣವನ್ನು ಕಂದಾಯ ಇಲಾಖೆಯ ಯಾವ ದಾಖಲೆಯೂ ಬಗೆಹರಿಸಲಾರದು.

ಇನ್ನು ಅಶೋಕನ ಮನೆತನ. ತಾತ ಚಂದ್ರಗುಪ್ತ, ತಂದೆ ಬಿಂದುಸಾರ. ಇಷ್ಟೊಂದು ಕಲ್ಲು ಕೊರೆಸಿದ ಪುಣ್ಯಾತ್ಮ ಇವರಿಬ್ಬರ ಹೆಸರನ್ನು ಒಂದು ಕಡೆಯೂ ಬರೆಸಲಿಲ್ಲ. ಮಸ್ಕಿಯ ಯಾವ ಕಟ್ಟೆಯಲ್ಲಾದರೂ ಇಂಥ ಮೊಮ್ಮಗನ ಗತಿ ಏನಾದೀತು ಎಂದು ಯೋಚಿಸಬೇಕು. ಅಲ್ಲಿ ಹೊಸಬನಿಗೆ ಬೀಳುವ ಮೊದಲ ಪ್ರಶ್ನೆ ‘ಯಾರ ಮಗಲೇ ನೀನು?’ ಎರಡನೆಯದು ‘ಅಂದ್ರ ಯಾರ ಮೊಮ್ಮಗ?’ ಎರಡಕ್ಕೂ ಉತ್ತರ ಬಂದರೆ ಮಾತ್ರ ಕುಳಿತುಕೊಳ್ಳಲು ಜಾಗ, ಚಹಾ. ‘ನಾನು ದೇವರಿಗೆ ಪ್ರಿಯನಾದವನು’ ಎಂದರೆ ಚಹಾ ಕೂಡ ಹುಟ್ಟುವುದಿಲ್ಲ.

ಬಿಂದುಸಾರನ ಬಗ್ಗೆ ಗ್ರೀಕ್ ಲೇಖಕ ಅಥೇನಿಯಸ್ ಒಂದು ಸಂಗತಿ ದಾಖಲಿಸಿದ್ದಾನೆ. ಆತ ಸಿರಿಯಾದ ದೊರೆ ಆಂಟಿಯೋಕಸನಿಗೆ ಓಲೆ ಬರೆದು ಸಿಹಿ ಮದ್ಯ, ಒಣ ಅಂಜೂರ ಮತ್ತು ಒಬ್ಬ ತತ್ವಪಂಡಿತನನ್ನು ಕೊಂಡು ಕಳಿಸು ಎಂದನಂತೆ. ಮೊದಲೆರಡು ಕಳಿಸುತ್ತೇನೆ, ಪಂಡಿತರನ್ನು ಮಾರುವುದು ನಮ್ಮಲ್ಲಿ ಕಾನೂನುಬಾಹಿರ ಎಂದು ಉತ್ತರ ಬಂತು. ಸಿಂಧನೂರಿನ ಅಜ್ಜಂದಿರ ಬೇಡಿಕೆ ಇಷ್ಟು ದುಬಾರಿಯದಲ್ಲ. ಬೆಂಗಳೂರಿನಲ್ಲಿ ವಾದ ಮಾಡುವುದನ್ನೇ ಉದ್ಯೋಗ ಮಾಡಿಕೊಂಡ ಮೊಮ್ಮಗ ಎಳ್ಳ ಅಮಾಸಿಗೆ ಎರಡು ದಿನ ರಜೆ ಹಾಕಿ ಬಂದರೆ ಸಾಕು, ಅಂಜೂರ ಬೇಡ.

ಹೆಸರಿನ ಪ್ರಕರಣ ಸಂಶೋಧಕರಿಗೆ ನಿಜವಾದ ಹುತ್ತ. ಗುರುಗುಂಟಾದ ಅಮರೇಶ್ವರನಿಂದ ಅಮರಪ್ಪ, ಅಮರೇಶ, ಅಮರೇಗೌಡ. ಮಸ್ಕಿಯ ಮಲ್ಲಯ್ಯನಿಂದ ಮಲ್ಲಪ್ಪ, ಮಲ್ಲಿಕಾರ್ಜುನ. ಸಿಂಧನೂರು ತಾಲ್ಲೂಕಿನ ಅಂಬಾಮಠದ ದೇವಿಯಿಂದ ಅಂಬಣ್ಣ, ಅಂಬಮ್ಮ. ಮೊಹರಂ ಹರಕೆಯಿಂದ ಹುಸೇನಪ್ಪ. ಹುಸೇನಪ್ಪನ ಅಣ್ಣ ಹನುಮಂತಪ್ಪನಾಗಿರುವುದೂ ಇಲ್ಲಿ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಇದರ ಮೇಲೆ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುವ ಪದ್ಧತಿ. ಹೀಗಾಗಿ ಒಂದು ಮನೆತನದ ವಂಶಾವಳಿ ಬರೆದರೆ ಎರಡೇ ಹೆಸರು ಒಂದರ ಕೆಳಗೊಂದು ಬಂದು, ಓದುವವನಿಗೆ ಪ್ರೆಸ್ಸಿನವರ ತಪ್ಪೆನಿಸುತ್ತದೆ.

ಇಲ್ಲೊಂದು ಧರ್ಮಸೂಕ್ಷ್ಮವಿದೆ. ಸೊಸೆ ಮಾವನ ಹೆಸರು ಹಿಡಿಯುವಂತಿಲ್ಲ. ಮಾವ ಅಮರಪ್ಪ, ಮಗನೂ ಅಮರಪ್ಪ. ಈ ಕಿರಿಯ ಅಮರಪ್ಪ ನೆಲುವಿನ ಮೇಲಿನ ಮೊಸರಿನ ಗಡಿಗೆ ಕೆಡವಿದಾಗ ತಾಯಿ ಬೈಯುವುದು ಹೇಗೆ? ಹಿರಿಯ ಅಮರಪ್ಪ ಪಡಸಾಲೆಯಲ್ಲೇ ಕೂತಿದ್ದಾನೆ. ಹಾಗಾಗಿ ಮಗನನ್ನು ‘ಸಣ್ಣಪ್ಪ’, ‘ಮುತ್ಯಾ’ ಎಂದೆಲ್ಲ ಕರೆದು, ಬೈಗುಳಕ್ಕೂ ಮರ್ಯಾದೆಯ ಅಂಚು ಕಟ್ಟಿಯೇ ಬೈಯಬೇಕು. ‘ಮುತ್ಯಾ, ನಿನ್ನ ಕೈಗಿಷ್ಟು ಬೆಂಕಿ ಹಚ್ಚಲಿ’ ಎಂದು ಅಡುಗೆಮನೆಯಿಂದ ಕೇಳಿದಾಗ ಇಬ್ಬರು ಬೆಚ್ಚಿಬೀಳುತ್ತಾರೆ. ಅಜ್ಜ ತನ್ನ ಹೆಸರನ್ನು ಮೊಮ್ಮಗನಿಗೆ ಕೊಡುವುದು ವಂಶ ಬೆಳಗಲೆಂದು ಎನ್ನುವವರುಂಟು. ಸೊಸೆಯ ಬಾಯಿಂದ ರಕ್ಷಣೆ ಕೊಡಿಸಲೆಂದು ಈ ಪ್ರಬಂಧದ ಊಹೆ.

ಈಗ ಮುಖ್ಯ ಸಾಕ್ಷ್ಯ. ಮಾರ್ಗಶಿರದ ಕೊನೆಗೆ, ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆ. ಎರಿ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತು, ಕಡಲೆ ಕಾಯಿಗಟ್ಟಿರುವ ಹೊತ್ತು. ಹಿಂದಿನ ದಿನವೇ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಟ್ಟಲು ಶುರು. ಮುಂಜಾನೆಗೆ ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಹೋಳಿಗೆ, ಕಡಬು, ಗುರೆಳ್ಳು ಹಿಂಡಿ, ಮೊಸರನ್ನ ಎಲ್ಲ ಬುಟ್ಟಿ ಸೇರಿ, ಬುಟ್ಟಿ ಬಂಡಿ ಸೇರಿ, ಬಂಡಿಯಿಲ್ಲದ ಮನೆಯಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಸೇರಿ ಹೊಲಕ್ಕೆ ಹೊರಡುತ್ತದೆ. ಹೊರಡುವುದು ಎಂಟಕ್ಕೆ ಎಂದು ಅಪ್ಪ ಹೇಳಿರುತ್ತಾನೆ. ಆರಕ್ಕೇ ಬಂಡಿಯ ಮುಂದೆ ನಿಂತು ‘ಎಲ್ಲಾರೂ ಮಲಗೇ ಬಿಟ್ರಲ್ಲ’ ಎನ್ನುತ್ತಾನೆ. ಹೊರಡುವುದು ಹನ್ನೊಂದಕ್ಕೆ. ಇದು ಮೂರು ತಾಲ್ಲೂಕುಗಳಲ್ಲೂ ವ್ಯತ್ಯಾಸವಿಲ್ಲದೆ ಕಂಡುಬರುವ ನಿಯಮ.

ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಚರಗ. ಅನ್ನ-ಪಲ್ಯ ಕಲಸಿದ್ದನ್ನು ಮೊರದಲ್ಲಿಟ್ಟುಕೊಂಡು ಒಬ್ಬ ಬೆಳೆಯ ಸುತ್ತ ಎರಚುತ್ತ ‘ಹುಲಿಗ್ಯೋ’ ಎಂದು ಕೂಗಬೇಕು, ಹಿಂದೆ ಇನ್ನೊಬ್ಬ ನೀರು ಚಿಮುಕಿಸುತ್ತ ಬರಬೇಕು. ವರ್ಷವಿಡೀ ಮನೆಯಲ್ಲಿ ‘ಹೂಂ’, ‘ಆತು’, ‘ನೋಡೂಣು’ ಎಂಬ ಮೂರೇ ಶಬ್ದದಲ್ಲಿ ಸಂಸಾರ ನಡೆಸುವ ಅಪ್ಪ, ಈ ದಿನ ಬಾಜೂ ಹೊಲದವರಿಗೂ ಕೇಳುವಂತೆ ಕೂಗುತ್ತಾನೆ. ಮಗ ನೀರಿನ ತಂಬಿಗೆ ಹಿಡಿದು ಬೆನ್ನಿಗಿರುತ್ತಾನೆ. ಮೊಮ್ಮಗ ಅವನ ಬೆನ್ನಿಗೆ, ಮೊಬೈಲು ಹಿಡಿದು. ಅಜ್ಜನಿಗೆ ಈಗ ಮೊಣಕಾಲು ನೋವು. ಬದುವಿನ ಮೇಲೆ ಕೂತೇ ‘ಆ ಮೂಲಿ ಬಿಟ್ಟಿರಿ, ಆ ಮೂಲಿ’ ಎಂದು ಟವೆಲ್ ಬೀಸುತ್ತಾನೆ. ಬಿಟ್ಟ ಮೂಲೆಗೆ ಮೂರು ತಲೆಮಾರು ವಾಪಸು ಹೋಗುತ್ತದೆ.

ಊಟದ ಸಾಲಿನಲ್ಲಿ ಅಜ್ಜ ರೊಟ್ಟಿ ಮುರಿಯುವ ಬಗೆಯನ್ನು ಸಂಶೋಧಕರು ಹತ್ತಿರದಿಂದ ಗಮನಿಸಬೇಕು. ಖಟಿ ಸಜ್ಜಿ ರೊಟ್ಟಿಯನ್ನು ಎಡ ಅಂಗೈ ಮೇಲಿಟ್ಟು, ಬಲಗೈ ಮುಷ್ಟಿಯಿಂದ ನಡುವಿಗೊಂದು ಗುದ್ದು. ನಾಲ್ಕು ಹೋಳು. ಅವುಗಳಲ್ಲಿ ಎಳ್ಳು ದಟ್ಟವಾಗಿರುವ ಹೋಳು ಯಾವುದೆಂದು ನೋಡಿ, ಎಣ್ಣೆಗಾಯಿಯ ಮಸಾಲೆ ಸವರಿ, ಮಾತಿಲ್ಲದೆ ಬಲಕ್ಕೆ ಕೂತ ಮೊಮ್ಮಗಳ ತಾಟಿಗೆ ದಾಟಿಸುತ್ತಾನೆ. ‘ಸಾಕು ತಾತಾ’ ಎಂದರೆ ಕಿವಿ ಮಂದ. ‘ಹೋಳಿಗಿ ಯಾರಿಗೆ ಬೇಕು’ ಎಂದು ದೂರದಲ್ಲಿ ಪಿಸುಗುಟ್ಟಿದರೆ ಮಾತ್ರ ಅದೇ ಕಿವಿ ಚುರುಕು. ಎರಡನೇ ಲಘು ಶಾಸನ ಹೇಳುವ ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳುವಿಕೆಯ ಪ್ರಾತ್ಯಕ್ಷಿಕೆ ಇದಕ್ಕಿಂತ ಸ್ಪಷ್ಟವಾಗಿ ಬೇಕಿದ್ದರೆ ಮಸ್ಕಿಯ ಬಂಡೆ ನಾಲ್ಕು ಪಟ್ಟು ದೊಡ್ಡದಿರಬೇಕಿತ್ತು.

ಮೊಹರಂ ಇನ್ನೊಂದು ಕೂಟ. ಲಿಂಗಸೂಗೂರು ತಾಲ್ಲೂಕಿನ ಮುದಗಲ್ಲಿನ ಹುಸೇನಿ ಆಲಂಗೆ ಕೋಟೆಯೂರು ಹಿಡಿಸಲಾರದಷ್ಟು ಜನ ಸೇರುತ್ತಾರೆ. ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿರುವವರು ಯುಗಾದಿಗೆ ಬರದಿದ್ದರೂ ಅಲಾಯಿ ದೇವರು ಕೂತಾಗ ಊರಿಗೆ ಬಂದಾರು. ಸಾಬರ ಮನೆಯ ಚೊಂಗೆ ಗೌಡರ ಮನೆಗೆ, ಗೌಡರ ಮನೆಯ ಸಕ್ಕರೆ ಅಲಾಯಿ ಕುಣಿಯ ಕಟ್ಟೆಗೆ. ಹೆಜ್ಜೆಮೇಳದಲ್ಲಿ ಕುಣಿಯುವ ಹುಡುಗರಿಗೆ ಕಾಲು ತಪ್ಪಿದ್ದನ್ನು ತೋರಿಸುವ ಅಧಿಕಾರ, ಜಾತಿ-ಮತ ಭೇದವಿಲ್ಲದೆ, ಕಟ್ಟೆಯ ಮೇಲಿನ ಎಲ್ಲ ಅಜ್ಜಂದಿರಿಗೂ ಇದೆ. ಅವರ ಕಾಲದಲ್ಲಿ ಎಲ್ಲರೂ ಸರಿಯಾಗಿಯೇ ಕುಣಿಯುತ್ತಿದ್ದರು. ಅಲ್ಲಗಳೆಯಲು ವಿಡಿಯೊ ಇಲ್ಲ.

ಸಿಂಧನೂರಿನ ಕಡೆ ಅಜ್ಜಂದಿರ ಪ್ರಭೇದಗಳು ಹೆಚ್ಚು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದ ತಾತಂದಿರು, ಪೂರ್ವ ಪಾಕಿಸ್ತಾನ ಬಿಟ್ಟು ಬಂದು ಆರ್‌.ಎಚ್‌. ಕ್ಯಾಂಪುಗಳಲ್ಲಿ ನೆಲೆ ನಿಂತ ಬಂಗಾಳಿ ದಾದುಗಳು, ಇವರೆಲ್ಲರಿಗೂ ಮೊದಲೇ ಇದ್ದು ಜೋಳದಿಂದ ಭತ್ತಕ್ಕೆ ಬದಲಾದ ಸ್ಥಳೀಯ ಅಜ್ಜಂದಿರು. ಒಬ್ಬರು ಅನ್ನಕ್ಕೆ ಮೀನು, ಒಬ್ಬರು ಗೋಂಗುರ, ಒಬ್ಬರು ‘ರೊಟ್ಟಿ ಎಲ್ಲೈತಿ?’ ಎನ್ನುತ್ತಾರೆ. ಗೋಂಗುರ, ಪುಂಡಿ ಎರಡೂ ಒಂದೇ ಸೊಪ್ಪೆಂದು ಗೊತ್ತಾಗುವ ಹೊತ್ತಿಗೆ ಬೀಗರಾಗಿರುತ್ತಾರೆ. ಮೂವರನ್ನೂ ಒಂದೇ ಕಟ್ಟೆಗೆ ತರುವ ವಿಷಯ ಕಾಲುವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟು ಚೈನು ಕಡಿದು ಕೊಚ್ಚಿಹೋದಾಗ, ಮಗಳ ಸೀಮಂತಕ್ಕೆ ಸೇರಿದ ಮನೆಗಳಲ್ಲೂ ಗಂಡಸರ ಮಾತು ಗೇಟನ್ನು ಬಿಟ್ಟು ಕದಲಲಿಲ್ಲ. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ದು ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂದು ಪತ್ರಿಕೆಗಳು ಬರೆದವು. ಸಿಂಧನೂರಿನ ಹಲವು ಅಜ್ಜಂದಿರ ಪ್ರಕಾರ ಆ ಉಪಾಯವನ್ನು ಅವರು ಮೊದಲ ದಿನವೇ ಚಹಾದಂಗಡಿಯಲ್ಲಿ ಹೇಳಿದ್ದರು.

ಹಟ್ಟಿ ಬಂಗಾರದ ಗಣಿಯ ಅಪ್ಪಂದಿರದು ಪ್ರತ್ಯೇಕ ಸಂಪುಟವೇ ಆದೀತು. ಪಾಳಿಯ ಮೇಲೆ ನೆಲದಾಳಕ್ಕಿಳಿದು, ಜೀವಮಾನವಿಡೀ ಬಂಗಾರದ ಅದಿರು ಒಡೆದ ಮನುಷ್ಯ, ಮಗಳ ಮದುವೆಗೆ ಲಿಂಗಸೂಗೂರಿನ ಸರಾಫ ಅಂಗಡಿಯಲ್ಲಿ ಒಂದು ತೊಲೆಗೆ ಚೌಕಾಸಿ ಮಾಡುತ್ತ ಕೂರುವ ದೃಶ್ಯವನ್ನು ಅರ್ಥಶಾಸ್ತ್ರಜ್ಞರು ವಿವರಿಸಲಿ.

ಅಪ್ಪಂದಿರ ದಿನದ ಬಗ್ಗೆಯೂ ಎರಡು ಮಾತು ಬೇಕು. ಅಮೆರಿಕದ ಸ್ಪೋಕೇನ್ ಪಟ್ಟಣದ ಸೊನೊರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳು, ಆರು ಮಕ್ಕಳನ್ನು ಒಬ್ಬನೇ ಸಾಕಿದ ತನ್ನ ಅಪ್ಪನ ಗೌರವಕ್ಕೆ 1910ರ ಜೂನ್ 19ರಂದು ಇದನ್ನು ಆರಂಭಿಸಿದಳು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಕಾಲಕ್ಕೆ ಅಲ್ಲಿ ಕಾಯಂ ಆಯಿತು. ಆಕೆಯ ಅಪ್ಪನ ಬಗ್ಗೆ ಮಸ್ಕಿಗೆ ಗೌರವವಿದೆ. ಆದರೆ ಜೂನ್ ಮೂರನೇ ಭಾನುವಾರ ಎಂದರೆ ಇಲ್ಲಿ ಮಿರಗದ ಮಳೆ. ತೊಗರಿ, ಸಜ್ಜೆ ಬಿತ್ತುವ ಹೊತ್ತು. ಪುಣೆಯಿಂದ ಮಗಳು ಫೋನು ಹಚ್ಚಿ ‘ಯಪ್ಪಾ, ಹ್ಯಾಪಿ ಫಾದರ್ಸ್ ಡೇ’ ಎಂದರೆ, ಕೂರಿಗೆಯ ಹಿಂದಿನಿಂದ ಉತ್ತರ ಬರುತ್ತದೆ: ‘ಹೂಂ. ಅಲ್ಲಿ ಮಳಿ ಆತೇನು?’ ಸಂಜೆ ಅದೇ ಅಪ್ಪ ಚಹಾದಂಗಡಿಯಲ್ಲಿ, ಯಾರೂ ಕೇಳದಿದ್ದರೂ, ‘ಇವತ್ತು ಅದೇನೋ ಅಪ್ಪಗೋಳ ಹಬ್ಬ ಅಂತ. ನಮ್ಮ ಹುಡುಗಿ ಫೋನ್ ಹಚ್ಚಿದ್ಲು’ ಎಂದು ನಾಲ್ವರಿಗೆ ಹೇಳುತ್ತಾನೆ.

ಕೊನೆಯ ಸಾಕ್ಷ್ಯ ಬಸ್ ನಿಲ್ದಾಣಗಳಲ್ಲಿ ಸಿಗುತ್ತದೆ. ಅಮಾಸಿಯ ಮರುದಿನ ಸಂಜೆ ಲಿಂಗಸೂಗೂರು ಬಿಟ್ಟ ಬೆಂಗಳೂರು ಬಸ್ಸು ಮಸ್ಕಿ, ಸಿಂಧನೂರು ದಾಟಿ ಬಳ್ಳಾರಿ ದಾರಿ ಹಿಡಿಯುವ ಹೊತ್ತಿಗೆ ಅದರಲ್ಲಿ ಮನುಷ್ಯರಿಗಿಂತ ಚೀಲಗಳೇ ಹೆಚ್ಚಿರುತ್ತವೆ. ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ತೊಗರಿಬೇಳೆ, ಮೇಲೆ ಇಪ್ಪತ್ತೈದು ಕಿಲೊ ಸೋನಾಮಸೂರಿ. ‘ಬೆಂಗಳೂರಾಗ ಅಕ್ಕಿ ಸಿಗತೈತಿ ಯಪ್ಪಾ’ ಎಂಬ ಮಗನ ಮಾತನ್ನು ಯಾರೂ ಕೇಳಿಸಿಕೊಂಡಿಲ್ಲ. ಕಂಡಕ್ಟರು ಬಂದು ಚೀಲ ಒದ್ದು ನೋಡಿ, ‘ಯಜಮಾನ್ರ, ಇದಕ್ಕ ಲಗೇಜ್ ಟಿಕೀಟ್ ತಗೋಬೇಕ್ರಿ’ ಎನ್ನುತ್ತಾನೆ.

‘ಲಗೇಜ್ ಎಲ್ಲೈತಿ? ಇದು ಹುಡುಗನ ಬುತ್ತಿ.’

‘ಇಪ್ಪತ್ತೈದು ಕಿಲೊ ಬುತ್ತಿ ಏನ್ರಿ?’

‘ಉಣ್ಣೋ ವಯಸ್ಸು.’

ಮಗನಿಗೆ ನಲವತ್ತೆರಡು. ಟಿಕೆಟು ಹರಿದಾಗುತ್ತದೆ, ಅಜ್ಜ ಅಂಗಿಯ ಒಳಜೇಬಿನಿಂದ ನೋಟು ತೆಗೆದು ಅಪ್ಪನಿಗಿಂತ ಮೊದಲೇ ಕೊಟ್ಟುಬಿಡುತ್ತಾನೆ. ಅಪ್ಪ ಆ ಚೀಟಿಯನ್ನು ಬೆಳಕಿಗೆ ಹಿಡಿದು ಓದಿ, ಕಂಡಕ್ಟರನ ಕಡೆ ತಿರುಗುತ್ತಾನೆ: ‘ಅಕ್ಕಿಗೂ ಟಿಕೀಟ್ ತಗೊಂಡಾತಲ್ಲ, ಇನ್ನ ಅದಕ್ಕೊಂದು ಸೀಟ್ ಕೊಡು. ಕಿಡಕಿ ಕಡೀದು.’